ಬ್ರೇಕಿನ ತೂಕ

"ಬುದ್ಧಿ, ನಾಳೆ ಸಭೇಲಿ ಮಾತಾಡೋಕೆ ನನಗೆ ಯಾಕೆ ಅಪ್ಪಣೆ ಇಲ್ಲ?" ಎಂದು ಚನ್ನಮಲ್ಲ ಗುರುಗಳನ್ನು ಕೇಳಿದ.

ಮಠದ ಮರಿಸ್ವಾಮಿಗಳಲ್ಲಿ ಓದಿಗೆ ಅವನೇ ಮುಂದು. ಹೋದ ಸಭೆಯಲ್ಲಿ ಪಂಡಿತನೊಬ್ಬ ಗುರುಗಳ ಮಾತನ್ನು ಎಲ್ಲರೆದುರು ಗೇಲಿ ಮಾಡಿದ್ದ. ಅಂದಿನಿಂದ ಚನ್ನಮಲ್ಲನಿಗೆ ಊಟ ಸೇರದು, ನಿದ್ದೆ ಹತ್ತದು. ಉತ್ತರವೆಲ್ಲ ನಾಲಗೆಯ ತುದಿಯಲ್ಲೇ ಇತ್ತು. ಆಡಲು ಬಿಡದೆ ಕೂರಿಸಿದ್ದಾರಲ್ಲ ಎಂದು ಒಳಗೊಳಗೇ ಸಿಟ್ಟು. ಗುರುಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರೂ ಅವನ ಬಲಮೊಣಕಾಲು ಕುಣಿಯುತ್ತಲೇ ಇತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಮೆಕ್ಯಾನಿಕ್ ಇದ್ದ. ಪುಟ್ಟ ರೋಬೋಟುಗಳನ್ನು ಕಾದಾಟಕ್ಕೆ ಬಿಡುವ ಪಂದ್ಯಕ್ಕೆಂದು ಅವನೂ ಒಂದನ್ನು ಕಟ್ಟಿದ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿ ಕತ್ತರಿಸಿ, ಗರಗರ ತಿರುಗುವ ಕತ್ತಿ ಮಾಡಿ ಅದಕ್ಕೆ ಕೂರಿಸಿದ. ಇಟ್ಟಿಗೆ ಕೊಟ್ಟರೆ ಇಟ್ಟಿಗೆ ಪುಡಿ. ಆದರೆ ಪಂದ್ಯಕ್ಕೆ ತೂಕದ ಮಿತಿಯಿತ್ತು, ಇವನ ಯಂತ್ರ ಅದನ್ನು ದಾಟಿತ್ತು. ಚಕ್ರಗಳಿಗೆ ತೂತು ಕೊರೆದ, ತಗಡನ್ನು ಉಜ್ಜಿ ತೆಳುವು ಮಾಡಿದ. ಆದರೂ ಸ್ವಲ್ಪ ಹೆಚ್ಚೇ ತೂಗಿತು. ಇನ್ನು ಕತ್ತಿಯನ್ನು ಸಣ್ಣದು ಮಾಡಬೇಕು, ಇಲ್ಲವೇ ಅದನ್ನು ನಿಲ್ಲಿಸುವ ಬ್ರೇಕನ್ನು ತೆಗೆಯಬೇಕು. ಹೊಡೆಯಲು ಹೊರಟವನಿಗೆ ನಿಲ್ಲಿಸುವ ಚಿಂತೆ ಯಾಕೆ ಎಂದುಕೊಂಡು ಬ್ರೇಕನ್ನು ಕಿತ್ತು ಮೂಲೆಗೆಸೆದ. ತೂಕ ಸರಿಹೋಯಿತು.

ಪಂದ್ಯದ ದಿನ ತಪಾಸಣೆಗೆ ಒಬ್ಬ ಹೆಂಗಸು ಕೂತಿದ್ದಳು. ಹೊಡೆತ ತೋರಿಸಲೆಂದು ಮೆಕ್ಯಾನಿಕ್ ಚೀಲದಲ್ಲಿ ಇಟ್ಟಿಗೆ ತಂದಿದ್ದ. ಆಕೆ ಇಟ್ಟಿಗೆಯ ಕಡೆ ಕಣ್ಣೂ ಹಾಯಿಸಲಿಲ್ಲ. ರೋಬೋಟನ್ನು ಗಾಜಿನ ಪೆಟ್ಟಿಗೆಯೊಳಗೆ ಇರಿಸಿ, ಕತ್ತಿಯನ್ನು ಪೂರಾ ವೇಗಕ್ಕೆ ತಿರುಗಿಸಲು ಹೇಳಿದಳು. ಆಮೇಲೆ ಅವನ ಕೈಯಿಂದ ರಿಮೋಟ್ ತೆಗೆದುಕೊಂಡು ಆರಿಸಿಬಿಟ್ಟಳು. ಕತ್ತಿ ತಿರುಗುತ್ತಲೇ ಇತ್ತು. ಆಕೆ ಗಡಿಯಾರ ನೋಡುತ್ತ ಕಾದಳು. ಕತ್ತಿ ನಿಲ್ಲಲಿಲ್ಲ.

"ಇದನ್ನ ಒಳಗೆ ಬಿಡೋಕಾಗಲ್ಲ" ಎಂದಳು.

"ಅಮ್ಮಾ, ಇದರ ಹೊಡೆತ ಒಂದು ಸಲ ನೋಡಿ" ಎಂದು ಮೆಕ್ಯಾನಿಕ್ ಅಂಗಲಾಚಿದ.

"ಹೊಡೆಯುತ್ತೆ ಅಂತ ಗೊತ್ತಾಯ್ತಪ್ಪ. ನಿಲ್ಲೋದು ಯಾವಾಗ?"

ಮೆಕ್ಯಾನಿಕ್ ಇಟ್ಟಿಗೆಯನ್ನೂ ಯಂತ್ರವನ್ನೂ ಹೊತ್ತುಕೊಂಡು ಮನೆಗೆ ಬಂದ.

ಕತೆ ಎತ್ತ ಹೋಗುತ್ತಿದೆಯೆಂದು ಚನ್ನಮಲ್ಲನಿಗೆ ಅರ್ಧದಲ್ಲೇ ಹೊಳೆದಿತ್ತು. ಯಾವಾಗ ಮುಗಿದೀತೆಂದು ಅವನು ಚಡಪಡಿಸುತ್ತಿದ್ದ.

"ಅರ್ಥ ಆಯ್ತು ಬುದ್ಧಿ. ನಾನು ಬ್ರೇಕ್ ಕಿತ್ತಿಲ್ಲ. ತಾವು ಸಾಕು ಅಂದ ಕೂಡಲೇ ನಿಲ್ಲಿಸ್ತೀನಿ. ಈಗಲಾದರೂ ಅಪ್ಪಣೆ ಕೊಡಿ."

ಗುರುಗಳ ಕಣ್ಣು ಅವನ ಮುಖದ ಮೇಲಿರಲಿಲ್ಲ.

"ಕೊಡೋಣ ಮರಿ, ಮೊದಲು ಆ ಮೊಣಕಾಲು ನಿಲ್ಲಿಸು."