ಪುಟ್ಟನಂಜಮ್ಮನ ಬೆವರು ಮತ್ತು ವಿಮೆ ಅಧಿಕಾರಿ

ಕಥೆ ಹೇಳಿ ಅಭ್ಯಾಸವಿಲ್ಲ, ತಪ್ಪಾದರೆ ಕ್ಷಮಿಸಿ. ಪುಟ್ಟನಂಜಮ್ಮ ಸೀರೆ ಅಂಗಡಿಯ ಕೆಲಸದಾಕೆ. ಅಂಗೈ ಸದಾ ಬೆವರಿ ರೇಷ್ಮೆಗೆಲ್ಲ ಕಲೆ. ಚಿಕಿತ್ಸೆಯಾಗದಿದ್ದರೆ ಕೆಲಸ ಹೋಗುತ್ತಿತ್ತು. ಅದರ ಖರ್ಚಿಗೆಂದು ವಿಮೆ ಕಚೇರಿಗೆ ಅರ್ಜಿ ಹಿಡಿದು ಹೋದಳು.

"ಬೆವರು ಎಲ್ಲರಿಗೂ ಬರುತ್ತೆ ಕಣಮ್ಮ, ಅದೇನು ಕಾಯಿಲೆಯೇ? ವಿಮೆ ಸಿಗಲ್ಲ. ಒಪ್ಪಿದೆ ಅಂತ ಹೆಬ್ಬೆಟ್ಟೊತ್ತು," ಎಂದ ವಿಮೆ ಅಧಿಕಾರಿ.

ಅವಳು ಬೆರಳಚ್ಚಿನ ಯಂತ್ರಕ್ಕೆ ಬೆರಳಿಟ್ಟಳು. ಕೆಂಪು ದೀಪ ಹತ್ತಿತು. ಅಧಿಕಾರಿ ಒರೆಸಿದ, ಊದಿದ, ಹತ್ತೂ ಬೆರಳು ಒತ್ತಿಸಿದ. ಯಂತ್ರದ ಮೇಲೆ ನೀರು ನಿಂತಿತು!

"ಯಂತ್ರ ಬೆರಳು ಹಿಡೀದಿದ್ರೆ ಕಾರಣ ಬರೀಬೇಕಲ್ವಾ ಸ್ವಾಮಿ?" ಎಂದಳು.

ನಿಯಮ ಹಾಗೇ ಇತ್ತು. ಅವನು ಸಿಟ್ಟಿನಿಂದ ಬರೆದ: 'ವಿಪರೀತ ಬೆವರಿನ ಕಾಯಿಲೆಯಿಂದ ಬೆರಳಚ್ಚು ಅಸಾಧ್ಯ.' ಸೀಲೂ ಒತ್ತಿದ.

"ಅದನ್ನೇ ನನ್ನ ಅರ್ಜಿಗೆ ಲಗತ್ತಿಸಿ ಸ್ವಾಮಿ."

ತಾನೇ 'ಕಾಯಿಲೆ' ಎಂದು ಬರೆದದ್ದನ್ನು ಓದಿಕೊಂಡ ಅಧಿಕಾರಿ ಅದನ್ನು ಅರ್ಜಿಗೆ ಲಗತ್ತಿಸಿದ. ವಿಮೆ ಮಂಜೂರಾಯಿತು. ಯಾಕೆಂದರೆ, ಸೀಲು ಬಿದ್ದ ಮೇಲೆ ಅಧಿಕಾರಿಯಾದವನು... ತಡೀರಿ, ಒಳಗಿಂದ ನನ್ನ ಹೆಂಡತಿ ಕರೀತಿದ್ದಾಳೆ. ಬಂದೆ ಕಣೇ, ಕೂಗಬೇಡ!