ಬೆನ್ನು ತಿರುಗಿಸಿ ನಡೆದ ದೇಸಾಯಿ

ಚಿರತೆ ಸತ್ತದ್ದು ಯಾರ ಗುಂಡಿಗೆ ಎಂದು ದೇಸಾಯಿಗೂ ಇನಾಮದಾರನಿಗೂ ಜಗಳ ಹತ್ತಿತು. ಬಿಳಿ ಸಾಹೇಬರ ಹಾಗೆ ಪಿಸ್ತೂಲಿನಿಂದಲೇ ತೀರಿಸಿಕೊಳ್ಳೋಣ ಎಂದು ಇಬ್ಬರೂ ಬಯಲಿಗೆ ಬಂದರು. ಬೆನ್ನಿಗೆ ಬೆನ್ನು ಮಾಡಿ ನಡೆಯಬೇಕು, "ತಿರುಗ್ರಿ" ಎಂದು ಕೂಗಿದಾಗ ತಿರುಗಿ ಗುಂಡು ಹಾರಿಸಬೇಕು. ಕೂಗುವ ಮೊದಲೇ ತಿರುಗಿದವನು ಹೇಡಿ.

"ಕೂಗಾಕಿ ನೀನು," ಎಂದು ದೇಸಾಯಿ ತನ್ನ ಜೊತೆ ಬಂದಿದ್ದ ಮನೆಯ ಅಡುಗೆಯವಳಿಗೆ ಅಪ್ಪಣೆ ಮಾಡಿದ.

ಯಾರು ಸತ್ತರೂ ಫೌಜುದಾರ ಹಿಡಿಯುವುದು ಕೂಗಿದ ತನ್ನನ್ನೇ ಎಂದು ಅವಳಿಗೆ ಗೊತ್ತಿತ್ತು. "ನಡೀರಿ," ಎಂದಳು. ಇಬ್ಬರೂ ಎದೆಯುಬ್ಬಿಸಿ ನಡೆದರು. ಅವಳು ಸುಮ್ಮನೆ ದೇಸಾಯಿಯ ವಾಡೆಗೆ ಹೋಗಿ ಒಲೆ ಹಚ್ಚಿದಳು.

ಸಂಜೆ ದೇಸಾಯಿ ಕುಂಟುತ್ತ ಬಂದ. "ಯಾಕ ಕೂಗಲಿಲ್ಲ? ಹೊಳೀತನಕ ಹೋಗಿದ್ದೆ!"

"ಹಂಗಾರ ನೀವ ಮೊದಲ ತಿರುಗಿದ್ರೇನ್ರಿ, ಧಣ್ಯಾರ?"

ದೇಸಾಯಿ ದನಿ ತಗ್ಗಿಸಿದ. "ಇನಾಮದಾರಗ ಮಾತ್ರ ಹೇಳಬ್ಯಾಡವಾ."

"ನಿಮಗ ಹೇಳಬ್ಯಾಡಂತ ಅವರೂ ಅಂದಾರ್ರಿ. ಒಳಗ ಊಟಕ್ಕ ಕುಂತಾರ, ಬರ್ರಿ."