ಷೋಕೇಸಿನ ತೋಡಿ

ಸಂಗೀತ ಸಭಾದ ಅಧ್ಯಕ್ಷ ವಾಮನಮೂರ್ತಿಗಳ ಷೋಕೇಸಿನಲ್ಲಿ ತೋಡಿ ರಾಗದ ಕ್ಯಾಸೆಟ್ಟೊಂದು ಹದಿನೈದು ವರ್ಷಗಳಿಂದ ಹೊಳೆಯುತ್ತ ಕೂತಿತ್ತು. ಆಯುಧಪೂಜೆಯ ಕುಂಕುಮ ಮೊದಲು ಬೀಳುತ್ತಿದ್ದುದು ಅದಕ್ಕೇ. ಬಂದವರೆಲ್ಲ ಅದನ್ನು ನೋಡಿ, "ಎಂಥ ಅಭಿರುಚಿ!" ಎಂದು ತಲೆದೂಗುತ್ತಿದ್ದರು. ಅದರ ಬೆನ್ನ ಹಿಂದೆ ಕುಣಿತದ ಹಾಡಿನ ಕ್ಯಾಸೆಟ್ಟೊಂದು ಮೈಯೆಲ್ಲ ಗೀರಾಗಿ ಅಡಗಿತ್ತು.

"ನಿನ್ನ ಅವತಾರ ನೋಡಿಕೋ," ಎಂದಿತು ತೋಡಿ. "ನನ್ನ ಮೈಮೇಲೆ ಒಂದು ಗೆರೆಯಾದರೂ ಇದೆಯೇ? ಯಜಮಾನರು ನನ್ನನ್ನು ಕಣ್ಣಿಗೆ ರೆಪ್ಪೆಯ ಹಾಗೆ ಕಾಯುತ್ತಾರೆ."

"ನನ್ನನ್ನು ದಿನಕ್ಕೆ ನಾಲ್ಕು ಸಲ ಕರೆಯುತ್ತಾರಮ್ಮ," ಎಂದಿತು ಕುಣಿತದ ಹಾಡು. "ಮೈ ಒರೆಸಿಕೊಳ್ಳಲು ಪುರುಸೊತ್ತೆಲ್ಲಿ?"

ಒಂದು ದಿನ ಆ ಹಾಡಿನ ಡಬ್ಬಿ ಕೈಜಾರಿ ಬಿದ್ದು ಒಡೆಯಿತು. ಮೂರ್ತಿಗಳು ಕಂಗಾಲಾಗಿ ಸ್ಕ್ರೂಡ್ರೈವರ್ ಹಿಡಿದು ಷೋಕೇಸಿಗೆ ಬಂದರು. ಕೊನೆಗೂ ತನ್ನ ಸರದಿ ಬಂತೆಂದು ತೋಡಿ ಹಿಗ್ಗಿತು. ಅವರು ಅದರ ತಿರುಪು ಬಿಚ್ಚಿ, ಟೇಪನ್ನೆಲ್ಲ ಕರುಳಿನಂತೆ ಹೊರಗೆಳೆದು, ಆ ಹೊಳೆಯುವ ಡಬ್ಬಿಯೊಳಗೆ ಕುಣಿತದ ಹಾಡನ್ನು ಕೂರಿಸಿದರು.

ತೋಡಿಯ ಟೇಪನ್ನು ಅವರ ಹೆಂಡತಿ ತಾರಸಿಗೆ ಒಯ್ದು, ಒಣಗಲಿಟ್ಟ ಸಂಡಿಗೆಗೆ ಕಾಗೆ ಬಾರದಂತೆ ಅಡ್ಡಡ್ಡ ಕಟ್ಟಿದರು. ಅದು ಗಾಳಿಗೆ ಪಟಪಟ ಬಡಿದುಕೊಂಡಿತು.

ದೂರ ಕೂತ ಕಾಗೆ ಬೆದರಿ ಕೇಳಿತು, "ಯಾರಪ್ಪ ನೀನು?"

"ನಾನು ತೋಡಿ! ಈ ಮನೆ ಯಜಮಾನರ ಅಭಿರುಚಿ!"

ಅಷ್ಟರಲ್ಲಿ ಕೆಳಗಿನಿಂದ ಕುಣಿತದ ಹಾಡು ಕೇಳಿಸಿತು. ಜೊತೆಗೆ ಮೂರ್ತಿಗಳ ಚಪ್ಪಾಳೆ. ಕಾಗೆ ಕತ್ತು ಕೊಂಕಿಸಿ ಆಲಿಸಿತು. ನಂತರ ಹಾರಿ ಬಂದು ಟೇಪಿನ ಕೆಳಗೇ ನುಸುಳಿ, ದೊಡ್ಡದೊಂದು ಸಂಡಿಗೆ ಕಚ್ಚಿಕೊಂಡಿತು.

"ಯಜಮಾನನೇ ಕಿವಿಗೊಡದ ಮೇಲೆ," ಎಂದಿತು ಬಾಯಿತುಂಬ, "ನಾನ್ಯಾಕೆ ಹೆದರಲಿ?"